ಇಳಿದರೆ ಅಂಟುವ ಕಾಲು

ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಸಾತ್ವಿಕನ ಶೌರ್ಯವೆಲ್ಲ ಮುಂಬಯಿಯ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವಷ್ಟಕ್ಕೇ ಸಾಲುತ್ತಿತ್ತು. ಅಂಥವನಿಗೆ ಮನೆಯವರು ವಹಿಸಿದ್ದು, ಆಫೀಸಿಗೆ ಹೊರಡುವ ಮುನ್ನ ಯಜ್ಞೇಶ್ವರ ಮಾವನನ್ನು ಸೈಕಲ್ ಹತ್ತಿಸಿ ಇಳಿಸುವ ಕೆಲಸ.

ಮಾವನಿಗೆ ಪಾರ್ಕಿನ್ಸನ್ ಕಾಯಿಲೆ. ನಡೆಯಹೊರಟರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಸೀಟಿನ ಮೇಲೆ ಕೂರಿಸಿ ತಳ್ಳಿದರೆ ಸಾಕು, ಅದೇ ಕಾಲು ಹೌಸಿಂಗ್ ಸೊಸೈಟಿಯ ಅಂಗಳವನ್ನು ಗಿರಗಿರನೆ ಸುತ್ತುತ್ತಿತ್ತು. ಆದರೆ ತಾವಾಗಿ ಇಳಿಯಲಾರರು. ಒಮ್ಮೆ ಬಿದ್ದರೂ ಸೈಕಲ್ ಗುಜರಿಗೆ ಎಂದು ರಮಾಮಣಿ ಅತ್ತೆ ಸಾರಿದ್ದರು.

ಆ ದಿನ ಸುತ್ತುತ್ತಿರುವಾಗಲೇ ಮಳೆ ಸುರಿಯತೊಡಗಿತು.

"ಸಾಕು ಮಾವ, ನನ್ನ ಲೋಕಲ್ ಹೋಗ್ತದೆ!"

"ಇನ್ನೊಂದೇ ರೌಂಡು ಮಾರಾಯ."

"ನಿನ್ನೆಯೂ ಲೇಟ್ ಮಾರ್ಕ್ ಬಿದ್ದಿದೆ!"

"ನಿಂಗೆ ಹೋಗ್ಲಿಕ್ಕೆ ಆಫೀಸಾದ್ರೂ ಉಂಟು. ಇಳಿದ್ರೆ ನಂಗೆ ಕುರ್ಚಿ ಬಿಟ್ಟು ಎಂತ ಉಂಟು?"

ಬಾಲ್ಕನಿಯಿಂದ ಅತ್ತೆ ಕೂಗಿದರು: "ಸಾತ್ವಿಕಾ, ಹಿಡ್ಕೊ ಅವರನ್ನು! ಜಾರಿ ಬಿದ್ರೆ?"

ಸಾತ್ವಿಕ ಅಡ್ಡ ನಿಂತು ಹ್ಯಾಂಡಲ್ ಹಿಡಿದು ಮಾವನನ್ನು ಇಳಿಸಿದ. ಇಳಿದದ್ದೇ ತಡ, ಕಾಲು ಅಂಟಿತು. ಎಳೆದರೂ ಬೇಡಿದರೂ ಒಂದು ಹೆಜ್ಜೆಯೂ ಏಳಲಿಲ್ಲ. ಎದುರಿಗೇ ಕಾಣುವ ಮೆಟ್ಟಿಲಿಗೆ ಹೋಗಲಾರದೆ ಇಬ್ಬರೂ ಮಳೆಯಲ್ಲಿ ತೊಯ್ದು ತೊಪ್ಪೆಯಾದರು. ಸಾತ್ವಿಕನ ಇಸ್ತ್ರಿ ಅಂಗಿ ಮೈಗಂಟಿತು.

"ಮೆಟ್ಟಿಲಿನವರೆಗೆ ಸೈಕಲಲ್ಲೇ ಬಿಡು," ಎಂದರು ಮಾವ, ಮುಖದಲ್ಲಿ ನಗುವಿಲ್ಲದೆ.

ಬೇರೆ ದಾರಿಯಿರಲಿಲ್ಲ. ಸಾತ್ವಿಕ ಅವರನ್ನು ಮತ್ತೆ ಕೂರಿಸಿ ತಳ್ಳಿದ. ಮಾವ ಮೆಟ್ಟಿಲನ್ನೂ ದಾಟಿ ನೀರಿನ ಟಾಂಕಿಯ ಕಡೆ ತಿರುಗಿದರು. ಸಾತ್ವಿಕ ಹೆಗಲ ಮೇಲಿದ್ದ ಆಫೀಸ್ ಬ್ಯಾಗನ್ನು ಗೇಟಿಗೆ ನೇತುಹಾಕಿ, ಅವರು ಸುತ್ತಿ ಬರುವುದನ್ನು ಕಾಯುತ್ತ ನಿಂತ.