ಫೋನಿನಲ್ಲಿ ಹೇಳಬಾರದ್ದು

ವಿದ್ಯಾವತಿ ಅಕ್ಕನ ಬಾಯಲ್ಲಿ ‘ಯಾಕ?’ ಎಂಬುದು ಎಲೆ ಅಡಿಕೆಯಂತೆ ಸದಾ ಇರುತ್ತದೆ. ಬಸ್ಸು ತಡವಾದರೆ ಕಂಡಕ್ಟರನಿಗೆ ಯಾಕ, ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಹೋಟೆಲಿನವನಿಗೆ ಯಾಕ. ಸಾಲೋಟಗಿಯ ಈ ಹೆಂಗಸು ಹದಿನೆಂಟು ವರ್ಷಗಳಿಂದ ಖಿನ್ನತೆಯವರಿಗೆ ಆಪ್ತಸಮಾಲೋಚನೆ ಮಾಡುತ್ತಿದ್ದಾರೆ. ನಾನು ಅವರ ಕೈಕೆಳಗಿನವನು, ಅದೇ ಕೆಲಸದವನು.

ನಮ್ಮ ಕಚೇರಿ ಇಂಡಿಯಲ್ಲಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರೂ ನಮ್ಮವರೇ. ಎರಡು ತಿಂಗಳಿಗೊಮ್ಮೆ ಮುಖಾಮುಖಿ ಭೇಟಿ, ನಡುವೆ ವಾರಕ್ಕೊಮ್ಮೆ ಫೋನು. ನಾನು ಫೋನಿನ ಪಕ್ಷ. ಬಸ್ಸಿಗೆ ಕಾಯಬೇಕಿಲ್ಲ, ಆಸ್ಪತ್ರೆ ಮೆಟ್ಟಿಲು ಹತ್ತಿದ್ದನ್ನು ಊರವರು ನೋಡುವುದೂ ಇಲ್ಲ. ಅಕ್ಕ ಎರಡೂ ಬೇಕು ಎನ್ನುವವರು. “ಯಾಕ್ರಿ?” ಎಂದು ಅವರ ಬಾಣ ಅವರಿಗೇ ತಿರುಗಿಸಿದರೆ, “ಗೊತ್ತಿಲ್ಲೋ ತಮ್ಮಾ, ಅದನ್ನ ಹುಡುಕಾಕತ್ತೇನಿ” ಎನ್ನುತ್ತಿದ್ದರು.

ಇಂಗಳೇಶ್ವರದ ಚಂದವ್ವನನ್ನು (ಹೆಸರು ನಾನಿಟ್ಟದ್ದು) ಏಳು ವಾರ ನಾನೇ ಫೋನಿನಲ್ಲಿ ಮಾತಾಡಿಸಿದೆ.

“ನಿದ್ದಿ?”

“ಛಲೋ ಐತ್ರಿ.”

“ಊಟ?”

“ಆಗೇತ್ರಿ. ಆರಾಮ ಅದೀನ್ರಿ ಸರ್.”

ನಿದ್ದೆ, ಊಟ, ಮನಸ್ಸಿಗೆ ವಾರವಾರ ಅಂಕ ಹಾಕುವ ನನ್ನ ಹಾಳೆಯಲ್ಲಿ ಅಂಕಗಳು ಚೆಂದಾಗುತ್ತ ಹೋದವು. ಇನ್ನು ಭೇಟಿ ಬೇಡ, ಫೋನೇ ಸಾಕು ಎಂದು ಬರೆದೆ. ಅಕ್ಕ ಸಹಿ ಮಾಡಲಿಲ್ಲ.

“ಏಳು ವಾರದಾಗ ಒಂದೂ ಕೆಟ್ಟ ದಿನ ಇಲ್ಲ? ನನಗ ವಾರಕ್ಕ ಎರಡು ಇರ್ತಾವ. ಆಕಿಗಿ ಯಾಕಿಲ್ಲ?”

ಬಸ್ಸು ಬದಲಿಸುತ್ತ ಇಬ್ಬರೂ ಇಂಗಳೇಶ್ವರಕ್ಕೆ ಹೋದೆವು. ಚಂದವ್ವ ಸೊರಗಿದ್ದಳು, ಕೈ ಎತ್ತಿದರೆ ಬಳೆ ಮೊಣಕೈಗೆ ಜಾರುತ್ತಿದ್ದವು. ಅಕ್ಕ ಕೇಳಿದ್ದೇ ತಡ, ಎಲ್ಲ ಹೇಳಿದಳು.

“ನಾಕ ದಿನ ಆತ್ರಿ ಅಕ್ಕಾರ, ಕಣ್ಣ ಮುಚ್ಚಿಲ್ಲ. ತುತ್ತು ಇಳಿವಲ್ದು. ಯಾತಕ್ಕ ಬದುಕಬೇಕು ಅನ್ನಸ್ತೈತಿ.”

ನನಗೆ ಸಿಟ್ಟೇ ಬಂತು. “ಮತ್ತ ಮೊನ್ನೆ ಫೋನಿನ್ಯಾಗ ಆರಾಮ ಅಂದ್ರಲ್ಲ?”

ತಿಳಿಗೇಡಿಯನ್ನು ನೋಡುವಂತೆ ನನ್ನನ್ನು ನೋಡಿದಳು. “ಫೋನಿನ್ಯಾಗ ಕೆಟ್ಟದ್ದು ಹೇಳ್ತಾರೇನ್ರಿ ಸರ್? ದೂರ ಕುಂತವರ ಎದಿ ಒಡೀತೈತಿ.”

ನಮ್ಮವ್ವ ತೀರಿಕೊಂಡ ದಿನ ಅಣ್ಣ ಫೋನಿನಲ್ಲಿ ಅಂದದ್ದು ಇಷ್ಟೇ: “ಅವ್ವಗ ಸ್ವಲ್ಪ ಆರಾಮಿಲ್ಲ, ಬಂದು ಹೋಗು.” ನಾನು ಸಿಂದಗಿ ಬಸ್ ನಿಲ್ದಾಣದಲ್ಲಿ ಒಂದು ಡಜನ್ ಮೋಸಂಬಿ ಕೊಂಡು ಹೋಗಿದ್ದೆ. ತೀರಿಕೊಂಡವರನ್ನು ಕೂಡಿಸುವ ನಮ್ಮ ರೂಢಿಯಂತೆ ಅವ್ವನನ್ನು ಅಂಗಳದಲ್ಲಿ ಕೂಡಿಸಿ ಹೂ ಹಾಕಿದ್ದರು. ಚೀಲ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ಏಳು ವಾರ ಹಾಳೆ ತುಂಬಿಸಿದ್ದೆ, ನನ್ನ ಬುದ್ಧಿಗಿಷ್ಟು!

ಅಕ್ಕ ಮಾತ್ರ ಕಳೆದ ವಸ್ತು ಸಿಕ್ಕವರಂತೆ ಚಂದವ್ವನ ಕೈ ಹಿಡಿದುಕೊಂಡಿದ್ದರು. ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದರು. ಮರಳಿ ಹೊರಡುವಾಗ ಚಂದವ್ವನಿಗೆ ಅಂದರು, “ಫೋನಿನ್ಯಾಗ ಕೆಟ್ಟದ್ದು ಹೇಳಬ್ಯಾಡ್ರಿ. ಬಂದು ಹೋಗ್ರಿ ಅನ್ರಿ, ಸಾಕು. ಬರ್ತೇವಿ.”

ಮಾತ್ರೆ, ಭೇಟಿ, ಫೋನು ಮೂರೂ ನಡೆದವು. ಚಂದವ್ವ ಚೇತರಿಸಿಕೊಂಡಳು. ಹೋದ ಶ್ರಾವಣದಲ್ಲಿ, ಅಕ್ಕ ಮುದ್ದೇಬಿಹಾಳಕ್ಕೆ ಹೋಗಿದ್ದಾಗ, ನಾನು ಫೋನು ಮಾಡಿದೆ. ನಿದ್ದೆ ಛಲೋ, ಊಟ ಆಗಿದೆ, ಮನಸ್ಸು ಆರಾಮ. ಇಡುವ ಮೊದಲು ಸಣ್ಣ ದನಿಯಲ್ಲಿ, “ಸರ್, ಒಮ್ಮಿ ಬಂದು ಹೋಗ್ರಿ” ಎಂದಳು.

ಹಾಳೆಯಲ್ಲಿ ಏನೂ ಬರೆಯಲಿಲ್ಲ. ಆಕೆಯ ಜೊತೆಗೇ ಇರಲು ಗಂಡನಿಗೆ ಫೋನಿನಲ್ಲಿ ಹೇಳಿ ಹೊರಟೆ. ಬಸ್ ನಿಲ್ದಾಣದಲ್ಲಿ ಮತ್ತೆ ಒಂದು ಡಜನ್ ಮೋಸಂಬಿ ಕೊಂಡೆ. ದಾರಿಯುದ್ದಕ್ಕೂ ಅವ್ವನ ಅಂಗಳವೇ ಕಣ್ಣ ಮುಂದೆ.

ಚಂದವ್ವ ಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಗಂಡ. “ಬಂದ್ರಿ?” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಂತ ಮೇಲೆ ನಾನು ಒಂದು ಹಣ್ಣು ಸುಲಿದು ಕೊಟ್ಟೆ. ಈ ಸಲ ನನ್ನ ಮೋಸಂಬಿ ತಿನ್ನುವವರಿದ್ದರು.

ಎರಡು ತೊಳೆ ತಿಂದು ಮುಖ ಕಿವಿಚಿದಳು.

“ಹುಳಿ ಅದಾವ್ರಿ ಸರ್.”