ಅಣ್ಣನ ಮಧ್ಯಾಹ್ನ

ಅಣ್ಣನ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೂ ಕೂದಲಿರಲಿಲ್ಲ. ಎಡಗೈಯಲ್ಲಿ ಕರಡಿಗಿರುವಷ್ಟು. ಎರಡೂ ಕೈ ಮೇಜಿನ ಮೇಲಿಟ್ಟು ಕೂತರೆ ಇಬ್ಬರು ಬೇರೆ ಬೇರೆ ಮನುಷ್ಯರು ಕೈ ಚಾಚಿದಂತೆ ಕಾಣುತ್ತಿತ್ತು. ವರ್ಷಗಟ್ಟಲೆ ದೋಸೆಕಾವಲಿಯ ಮುಂದೆ ನಿಂತವರ ಕೈ ಹಾಗೇ ಆಗುತ್ತದೆ. ಆ ಬೋಳು ಕೈಯಲ್ಲೇ ಅವನು ಕಥೆ ಬರೆಯುತ್ತಿದ್ದ.

ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಒಂದು ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮೇಲೆ, ಎದುರಿಗೆ, ಅಕ್ಕಪಕ್ಕ ಎಲ್ಲ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಬಾಡಿಗೆ ಕೋಣೆಗಳು. ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ಉಡುಪಿ ಕಡೆಯ ನಮ್ಮೂರಿನಿಂದ ಕರೆಸಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದ. ನಾನು ಓದಿದ್ದು ಏಳನೇ ಕ್ಲಾಸು. ಕೂಡಿ ಕಳೆಯಲು ಬರುತ್ತದೆ, ಜನರ ಹತ್ತಿರ ಮಾತಾಡಲು ಬರುತ್ತದೆ, ಅಷ್ಟು ಸಾಕು ಅಂದ. ಬರುಬರುತ್ತಾ ಹೋಟೆಲಿನ ಯಜಮಾನಿಕೆಯೆಲ್ಲ ನನ್ನ ಕೈಗೆ ಬಂತು. ಅವನು ಕಾವಲಿ ಬಿಟ್ಟು ಈಚೆ ಬರಲಿಲ್ಲ.

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮೂರರಿಂದ ನಾಲ್ಕರವರೆಗೆ ಷಟರ್ ಅರ್ಧ ಇಳಿಸುತ್ತಿದ್ದೆವು. ಕೆಲಸದವರು ಬೆಂಚುಗಳ ಮೇಲೆ ಮಲಗುತ್ತಿದ್ದರು. ಅಣ್ಣ ಮುಖ ತೊಳೆದು, ಮದುವೆಗೆ ಹೊರಟವನ ಹಾಗೆ ಅಂಗಿ ಬದಲಾಯಿಸಿ, ಷಟರಿನ ಅಡಿಯಿಂದ ಬೆಳಕು ಬೀಳುವ ಕಡೆ ಅಕ್ಕಿಮೂಟೆಯ ಮೇಲೆ ಕೂತು ಬರೆಯುತ್ತಿದ್ದ. ಬೆವರಿನ ಅಂಗಿಯಲ್ಲಿ ಬರೆದರೆ ಕಥೆಯಲ್ಲಿ ಎಲ್ಲರೂ ಬೆವರುತ್ತಾರೆ ಎಂದು ನಗುತ್ತಿದ್ದ.

ಬರೆದದ್ದನ್ನು ಓದಿ ಹೇಳಲು ಅವನಿಗೆ ಇದ್ದವಳು ನಾನೊಬ್ಬಳೇ. ಅವನ ಮಗಳು ದಿಲ್ಲಿಯಲ್ಲೇ ಬೆಳೆದವಳು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಆದರೆ ಒಂದು ಪುಟ ಮುಗಿಯುವುದರೊಳಗೆ "ಪಪ್ಪಾ, ಶಾರ್ಟ್ ಮೇ ಬತಾಓ ನಾ" ಅನ್ನುತ್ತಿದ್ದಳು, ಚುಟುಕಾಗಿ ಹೇಳಿಬಿಡು ಅಂತ. ನಾನಾದರೋ ಉಂಡು ಗೋಡೆಗೊರಗಿದವಳು, ಕೇಳುತ್ತಲೇ ತೂಕಡಿಸುತ್ತಿದ್ದೆ. ಅವನು ಸಿಟ್ಟಾಗುತ್ತಿರಲಿಲ್ಲ. ನನ್ನ ಕಣ್ಣು ಮುಚ್ಚಿದ ಸಾಲಿನ ಪಕ್ಕ ಒಂದು ಗೆರೆ ಎಳೆದು, "ಇಲ್ಲಿಂದ ನಿನಗೆ ನಿದ್ದೆ ಬಂತು. ಅಂದರೆ ಇಲ್ಲಿ ನಾನು ಕೊರೆದಿದ್ದೇನೆ" ಎಂದು ಮರುದಿನ ಅಷ್ಟನ್ನೂ ಹೊಸದಾಗಿ ಬರೆಯುತ್ತಿದ್ದ.

ಕಥೆ ಕಟ್ಟುವ ಕೆಲಸ ಮಾತ್ರ ಬೆಳಗಿನಿಂದ ಕಾವಲಿಯ ಮುಂದೆಯೇ ನಡೆಯುತ್ತಿತ್ತು. ಕಥೆ ಎಲ್ಲಾದರೂ ಸಿಕ್ಕಿಕೊಂಡರೆ ಕೈಯಲ್ಲಿದ್ದ ಸೌಟು ಸುತ್ತುವುದನ್ನು ಮರೆಯುತ್ತಿತ್ತು, ದೋಸೆ ದಪ್ಪವಾಗುತ್ತಿತ್ತು. ದೋಸೆಯೋ ಪರಾಠವೋ ಎಂದು ಗಿರಾಕಿಗಳು ನನ್ನ ಹತ್ತಿರ ತಕರಾರಿಗೆ ಬರುತ್ತಿದ್ದರು. ಇವತ್ತು ಯಾರು ಸಿಕ್ಕಿಹಾಕಿಕೊಂಡರು ಎಂದು ನಾನು ಒಳಗೆ ಕೂಗಿ ಕೇಳುತ್ತಿದ್ದೆ.

"ಅಜ್ಜಿ ಮಾರಾಯ್ತಿ. ಇಳಿಯುವುದಿಲ್ಲ ಅಂತಾಳೆ."

ಆ ಅಜ್ಜಿ ಅವನ ದೊಡ್ಡ ಕಥೆಯವಳು. ಕಡಲ ಪಕ್ಕದ ಊರಿನಿಂದ ದಿಲ್ಲಿಯ ದ್ವಾರಕಾ ಬಡಾವಣೆಯ ಮಗನ ಮನೆಗೆ ಬಂದವಳು ಒಂದು ದಿನ ಒಬ್ಬಳೇ ಮೆಟ್ರೋ ಹತ್ತುತ್ತಾಳೆ. ಇಷ್ಟು ದೂರ ಓಡುವ ರೈಲು ಕೊನೆಗೆ ಸಮುದ್ರಕ್ಕೇ ಹೋಗಬೇಕು ಎಂದು ಹಟ ಹಿಡಿದು ಕೂರುತ್ತಾಳೆ. ಅವನ ಸಣ್ಣ ಕಥೆಗಳು ಇಲ್ಲಿಯ ಕನ್ನಡಿಗರ ಸಂಘವೊಂದರ ಸಂಚಿಕೆಯಲ್ಲಿ ಅಚ್ಚಾಗಿದ್ದವು. ಇದು ಪುಸ್ತಕವಾಗಬೇಕು ಎಂಬ ಆಸೆ ಅವನಿಗೆ. ಅದನ್ನು ನನ್ನೊಬ್ಬಳಿಗೆ ಹೇಳಿದ್ದ.

ಅಷ್ಟರಲ್ಲಿ ಎದುರಿಗೊಂದು ಮೊಮೋ ಗಾಡಿ ಬಂತು. ನಾವು ಷಟರ್ ಇಳಿಸಿದ ಹೊತ್ತಿಗೆ ಸರಿಯಾಗಿ ಅಲ್ಲಿ ಜನ. ಮೂರು ಗಂಟೆಗೆ ತಮಗೆ ಹಸಿವಾದರೆ ನಾನು ಮಲಗಿಬಿಡುತ್ತೇನೆಂದು ಓದುವ ಮಕ್ಕಳು ನನ್ನನ್ನು ಛೇಡಿಸುತ್ತಿದ್ದರು: "ಹಮೇ ತೀನ್ ಬಜೇ ಭೂಖ್ ಲಗ್ತೀ ಹೈ ಆಂಟಿ, ಔರ್ ಆಪ್ ಸೋ ಜಾತೇ ಹೋ." ಆ ಗಾಡಿಯನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಇನ್ನು ಮೇಲೆ ಮಧ್ಯಾಹ್ನವೂ ತೆರೆದಿರೋಣ ಎಂದು ಅಡುಗೆಮನೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆ. ರುಬ್ಬುವವನು, ಮಲಗದಿದ್ದರೆ ಸಂಜೆ ಕೈಕಾಲು ಓಡುವುದಿಲ್ಲ ಅಂದ. ಅವನಿಗೆ ಬೇರೆ ಹೊತ್ತಿನಲ್ಲಿ ಬಿಡುವು ಕೊಟ್ಟೆ. ತಟ್ಟೆ ತೊಳೆಯುವವನು ಹೆಂಡತಿಗೆ ಫೋನ್ ಮಾಡುವುದು ಆಗಲೇ ಅಂದ. ಅವನಿಗೂ ಕೊಟ್ಟೆ. ಕೊನೆಗೆ ಅಣ್ಣನ ಕಡೆ ನೋಡಿದೆ. ಅವನು ಕಾವಲಿ ಒರೆಸುತ್ತಿದ್ದ.

"ಆಯಿತು, ನೋಡುವ" ಅಂದ.

ಬೇರೆ ಹೊತ್ತಿನಲ್ಲಿ ಬರೆಯಲು ಅವನು ಪ್ರಯತ್ನಪಡದೆ ಇರಲಿಲ್ಲ. ನಸುಕಿನಲ್ಲಿ ಎದ್ದು ಕೂತರೆ ಹಾಲಿನ ಭಯ್ಯಾ ಬಂದು ಬಾಗಿಲು ಬಡಿಯುತ್ತಿದ್ದ. ಹೋಟೆಲು ಮುಚ್ಚಿದ ಮೇಲೆ ಕೂತರೆ ಪೆನ್ನು ಹಿಡಿದಂತೆಯೇ ನಿದ್ದೆ. ಅಜ್ಜಿ ಎಲ್ಲಿಯವರೆಗೆ ಬಂದಳು ಎಂದು ನಾನು ಕೇಳಿದರೆ ಪುರುಸೊತ್ತಿಲ್ಲ ಅನ್ನುತ್ತಿದ್ದ. ಒಮ್ಮೆ ಅದು ಹಾಲಿನವನ ಕಿವಿಗೆ ಬಿತ್ತು. ಫುರ್ಸತ್ ನಮ್ಮ ಮಾತಲ್ಲವೇ, ನಿಮ್ಮಲ್ಲಿಗೂ ಬಂದಿದೆಯೇ ಎಂದು ಅವನಿಗೆ ಆಶ್ಚರ್ಯ. ಮಾತು ಎರಡೂ ಕಡೆ ಇದೆ ಭಯ್ಯಾ, ಅದು ಮಾತ್ರ ಎರಡೂ ಕಡೆ ಇಲ್ಲ ಎಂದು ಅಣ್ಣ ಹಿಂದಿಯಲ್ಲಿ ಹೇಳಿದ. ಇಬ್ಬರೂ ನಕ್ಕರು, ನಾನೂ ನಕ್ಕೆ.

ಕೆಲವು ತಿಂಗಳಲ್ಲಿ ದೋಸೆಗಳೆಲ್ಲ ಒಂದೇ ಸಮನೆ ತೆಳ್ಳಗೆ ಬರತೊಡಗಿದವು. ತಕರಾರು ನಿಂತಿತು. ನನಗೆ ಖುಷಿ. "ಅಣ್ಣಾ, ಈಗ ನೋಡು ನಿನ್ನ ಕೈ ಕುದುರಿತು" ಅಂದುಬಿಟ್ಟೆ. ಹುಡುಗನಾಗಿದ್ದಾಗಿನಿಂದ ದೋಸೆ ಹೊಯ್ದವನಿಗೆ ಹೇಳಿದ ಮಾತು ಇದು. ಅವನು ತಲೆಯಾಡಿಸಿ ಮುಂದಿನ ದೋಸೆ ಹೊಯ್ದ. ತಲೆಯಲ್ಲಿ ಯಾರೂ ಉಳಿದಿರಲಿಲ್ಲ, ಅದಕ್ಕೇ ಕೈ ಎಲ್ಲೂ ನಿಲ್ಲುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಹೋದ ಚಳಿಗಾಲದ ಹೊಗೆಯಲ್ಲಿ ಅವನಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ದಿನವಿಡೀ ಮಾಡಲು ಏನೂ ಇರಲಿಲ್ಲ. ನಾನು ಅವನ ಹಾಳೆಗಳನ್ನೂ ಪೆನ್ನನ್ನೂ ತಂದು ಹಾಸಿಗೆಯ ಮೇಲಿಟ್ಟೆ. ಅವನು ಹಾಳೆಗಳ ಮೇಲೆ ಕೈಯಾಡಿಸಿ ನನಗೇ ವಾಪಸು ಕೊಟ್ಟ.

"ಅಜ್ಜಿ ಇಳಿದಳಾ?" ಎಂದೆ.

"ನಾನು ಇಳಿಸದೆ ಅವಳು ಹೇಗೆ ಇಳಿಯುತ್ತಾಳೆ?"

"ಈಗ ಇಳಿಸು."

"ಈಗ ಅವಳ ಮುಖ ಕಾಣುವುದಿಲ್ಲ ಮಾರಾಯ್ತಿ."

ಅದನ್ನು ಅವನು ಬಸ್ಸು ತಪ್ಪಿತು ಎನ್ನುವಷ್ಟು ಸಲೀಸಾಗಿ ಹೇಳಿದ. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ತೆರೆಯುವುದು ಬೇಡ ಅಂತ ಆವತ್ತು ನೀನು ಅನ್ನಬಹುದಿತ್ತಲ್ಲ ಅಣ್ಣಾ ಎಂದು ಕೇಳಿದೆ.

"ಮಲಗಬೇಕು ಅಂತ ಕೇಳಬಹುದು. ಹೆಂಡತಿಗೆ ಫೋನ್ ಮಾಡಬೇಕು ಅಂತ ಕೇಳಬಹುದು. ಕಥೆ ಬರೆಯಬೇಕು, ಒಂದು ಗಂಟೆ ಬಿಡಿ ಅಂತ ಅಷ್ಟು ಜನರ ಮುಂದೆ ಹೇಗೆ ಕೇಳುವುದು? ನಾಚಿಕೆಯಾಯಿತು."

ಒಂದು ವಾರ ಕಳೆಯುವುದರೊಳಗೆ ಅಣ್ಣ ತೀರಿಕೊಂಡ. ಅವನು ಬಾಯಿಬಿಟ್ಟು ಕೇಳಲಿಲ್ಲ, ನಿನಗೆ ಹೇಗೆ ತಿಳಿಯಬೇಕು ಎಂದು ನೆಂಟರು ನನ್ನನ್ನು ಸಮಾಧಾನ ಮಾಡುತ್ತಾರೆ. ಉಳಿದವರಿಗೆ ಆ ಮಾತು ಒಪ್ಪುತ್ತದೆ. ಆ ಕಥೆಯನ್ನು ಪುಟ ಪುಟವೂ ಕೇಳಿದ್ದವಳು ನಾನು. ಆವತ್ತು ಅವನ ಕಡೆ ನೋಡುವಾಗ ಅವನು ಏನನ್ನು ಕಳೆದುಕೊಳ್ಳುತ್ತಾನೆ ಎಂದು ನನಗೆ ಗೊತ್ತಿತ್ತು. ಅವನೇನಾದರೂ ಕೇಳಿಬಿಟ್ಟರೆ ಎಂದು ಹೆದರಿಯೇ ನೋಡಿದ್ದೆ. ಆಯಿತು ಅಂದಾಗ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಆಸ್ಪತ್ರೆಯಲ್ಲಿ ಅವನು ತನ್ನ ನಾಚಿಕೆಯನ್ನು ಹೇಳಿಕೊಂಡ. ನಾನು ಅವನ ಕಾಲಿಗೆ ಹೊದಿಕೆ ಸರಿಮಾಡಿದೆನೇ ಹೊರತು ಇದನ್ನು ಹೇಳಲಿಲ್ಲ.