ಕರೆಂಟಿನ ಹಲಗೆ ಕೀಳಿಸಿದ ಬೀರಮ್ಮ

ಮದ್ದೂರಿನ ಪೇಟೆಬೀದಿಗೆ ಕರೆಂಟು ಬಂದ ಹೊಸದರಲ್ಲಿ ಮನೆಮನೆಗೆ ಹಾಕಿದ ಮರದ ಹಲಗೆಗಳು ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ಹಳತಾಗಿದ್ದವು. ಹಲಗೆಯ ಮೇಲೆ ಮುಚ್ಚಳವಿಲ್ಲದ ತಾಮ್ರದ ಅಲಗಿನ ದೊಡ್ಡ ಸ್ವಿಚ್ಚು, ಪಕ್ಕದಲ್ಲಿ ಪಿಂಗಾಣಿಯ ಫ್ಯೂಸು. ಗೋಡೆಗಳು ಮಣ್ಣಿನವು. ಮಳೆ ಹಿಡಿದರೆ ಗೋಡೆಯ ತೇವ ಹಲಗೆಗೂ ಏರುತ್ತಿತ್ತು. ಆದರೂ ಯಾರಿಗೂ ಭಯವಿರಲಿಲ್ಲ. ದೀಪ ಕೊಡುವ ಹಲಗೆಯೆಂದು ಹೆಂಗಸರು ಶುಕ್ರವಾರ ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದರು.

ಬೀರಮ್ಮನೂ ಇಡುತ್ತಿದ್ದಳು. ಕಬ್ಬು ಬೆಳೆಯುವ ಬೆಟ್ಟಯ್ಯನ ಹೆಂಡತಿ. ಮಾತು ಒರಟು, ಹಿಡಿದ ಕೆಲಸ ಬಿಡುವವಳಲ್ಲ. ಪಕ್ಕದ ಮನೆಯ ಸೊಸೆ ಕಾಮಾಕ್ಷಮ್ಮ ಎಂದರೆ ಅವಳಿಗೆ ಮಗಳಷ್ಟೇ ಅಕ್ಕರೆ.

ಒಂದು ಶುಕ್ರವಾರ ಬೆಳಗ್ಗೆ ಬೀರಮ್ಮ ಹಿತ್ತಿಲಲ್ಲಿ ಭತ್ತ ಕುಟ್ಟುತ್ತಿದ್ದಾಗ ಪಕ್ಕದ ಮನೆಯಿಂದ ಕಾಮಾಕ್ಷಮ್ಮನ ಅತ್ತೆ ದೇವಿರಮ್ಮ ಕೂಗಿಕೊಂಡಳು. ಬೀರಮ್ಮ ಕೈಯಲ್ಲಿದ್ದ ಒನಕೆ ಸಮೇತ ಓಡಿದಳು. ತಲೆಗೆ ನೀರು ಹಾಕಿಕೊಂಡು ಬಂದ ಕಾಮಾಕ್ಷಮ್ಮ ಒದ್ದೆ ಕೈಯಲ್ಲೇ ಕುಂಕುಮ ಇಡಲು ಹೋಗಿ ಹಲಗೆಗೆ ಅಂಟಿಕೊಂಡಿದ್ದಳು. ಬಾಯಿಂದ ಸದ್ದಿಲ್ಲ, ಮೈಯೆಲ್ಲ ನಡುಗುತ್ತಿತ್ತು. ಹಿಡಿದೆಳೆಯಲು ಹೊರಟಿದ್ದ ದೇವಿರಮ್ಮನನ್ನು ಪಕ್ಕಕ್ಕೆ ತಳ್ಳಿ ಬೀರಮ್ಮ ಒಣಗಿದ ಒನಕೆಯಿಂದಲೇ ಆ ಕೈಯನ್ನು ಬಲವಾಗಿ ನೂಕಿ ಬಿಡಿಸಿದಳು. ಜೀವ ಉಳಿಯಿತು. ಆದರೆ ಬಲಗೈ ಬೆರಳುಗಳು ಸುಟ್ಟು, ಗಾಯ ಮಾಯ್ದ ಮೇಲೂ ಮಡಚಿಕೊಂಡೇ ಉಳಿದವು. ಅಂದಿನಿಂದ ಕಾಮಾಕ್ಷಮ್ಮ ಹಲಗೆಯಿದ್ದ ಪಡಸಾಲೆಗೆ ಕಾಲಿಡಲಿಲ್ಲ. ಹಿತ್ತಿಲ ಬಾಗಿಲಿಂದಲೇ ಓಡಾಡತೊಡಗಿದಳು.

ಬೀರಮ್ಮ ಕರೆಂಟು ಕೆಲಸದ ಅಫ್ಸರ್ ಪಾಷಾನನ್ನು ಕರೆಸಿ ತನ್ನ ಮನೆಯ ಹಲಗೆ ತೋರಿಸಿದಳು. ಪಾಷಾ ಅದನ್ನು ಬಿಚ್ಚಿದಾಗ ಹಿಂದೆ ಗೆದ್ದಲು ಹಿಡಿದು, ತಂತಿಯ ಮೇಲಿನ ಬಟ್ಟೆ ಉದುರಿಹೋಗಿತ್ತು. ಫ್ಯೂಸಿನಲ್ಲಿ ಬೆಟ್ಟಯ್ಯ ಯಾವಾಗಲೋ ದಪ್ಪ ತಂತಿ ಸುತ್ತಿದ್ದ. ಸಣ್ಣ ತಂತಿ ಪದೇ ಪದೇ ಸುಟ್ಟುಹೋಗುತ್ತದೆಂದು ಬೀದಿಯವರೆಲ್ಲ ಹಾಗೇ ಮಾಡಿಕೊಂಡಿದ್ದರು.

"ಫ್ಯೂಸು ಸಾಯ್ಬೇಕು ಕಣವ್ವ, ಆಗ್ಲೇ ಮನೆ ಉಳಿಯೋದು," ಎಂದ ಪಾಷಾ.

ಕಬ್ಬಿಣದ ಮುಚ್ಚಳದ ಸ್ವಿಚ್ಚು ಹಾಕಬೇಕು, ಅದರಿಂದ ನೆಲಕ್ಕೊಂದು ತಂತಿ ಇಳಿಸಬೇಕು. ಆದರೆ ಯುದ್ಧ ನಡೆಯುತ್ತಿರುವಾಗ ಅಂಥ ಮಾಲು ಮೈಸೂರಿನಲ್ಲೂ ಸಿಗುತ್ತಿಲ್ಲ ಎಂದು ಅವನು ತಿಳಿಸಿದ. ಸಿಗುವ ತನಕ ಹಳೆಯದನ್ನೇ ಇಟ್ಟುಕೊಳ್ಳಲು ಬೀರಮ್ಮ ಒಪ್ಪಲಿಲ್ಲ. ಲೈನಿನವರಿಗೆ ಹೇಳಿಸಿ ಕಂಬದಿಂದಲೇ ತಂತಿ ಬಿಡಿಸಿದಳು. ಸೀಮೆಎಣ್ಣೆಗೂ ಬರವಿದ್ದ ಕಾಲ. ಹೊಂಗೆ ಎಣ್ಣೆಯ ದೀಪ ಹಚ್ಚಿದಳು.

ಬೆಟ್ಟಯ್ಯ ಕೂಗಾಡಿದ. ಉರಿಯುತ್ತಿದ್ದ ದೀಪ ಆರಿಸಿದ ಹೆಂಗಸನ್ನು ತಾನು ಎಲ್ಲೂ ಕಂಡಿಲ್ಲವೆಂದ. ಅಷ್ಟರಲ್ಲಿ ಮಗಳ ಮದುವೆ ಗೊತ್ತುಮಾಡುವ ಒಪ್ಪುವೀಳ್ಯಕ್ಕೆ ಕಿರುಗಾವಲಿನಿಂದ ಬೀಗರು ಬರುವುದು ಗೊತ್ತಾಯಿತು. ಅವತ್ತೊಂದು ದಿನವಾದರೂ ಕರೆಂಟು ಹಾಕಿಸು ಎಂದು ಗೋಗರೆದ.

"ಬೀಗ್ರು ಮುಂದೆ ಮಾನ ಕಳೀಬ್ಯಾಡ ಕಣೇ."

"ಬಂದವ್ರು ಮಕ್ಳು ಕಟ್ಕಂಡು ಬತ್ತಾರೆ. ಆ ಹಲಗೆ ಮುಟ್ಟುದ್ರೆ ಯಾರ ಮಾನ ಉಳೀತದೆ? ಸುಮ್ಕಿರು."

ಬೀಗರು ಹೊಂಗೆ ಎಣ್ಣೆ ದೀಪದಲ್ಲೇ ಉಂಡರು. ಕಾರಣ ಕೇಳಿ ಹುಡುಗನ ಅಜ್ಜಿ ಮಾತ್ರ ಕಾಮಾಕ್ಷಮ್ಮನನ್ನು ನೋಡಬೇಕೆಂದು ಪಕ್ಕದ ಮನೆಗೆ ಹೋಗಿಬಂದಳು. ಸಂಬಂಧ ಮುರಿಯಲಿಲ್ಲ.

ಮಂಡ್ಯದಲ್ಲಿ ಬಾಗಿಲು ಹಾಕಿದ ಒಂದು ಅಕ್ಕಿ ಗಿರಣಿಯಿದೆ, ಅಲ್ಲಿ ಬೇಕಾದ ಸ್ವಿಚ್ಚುಗಳಿವೆ ಎಂಬ ಸುದ್ದಿಯನ್ನು ಕೊನೆಗೆ ಪಾಷಾನೇ ತಂದ. ಯಜಮಾನರು ಕೊಡುತ್ತಿಲ್ಲ, ತಾನು ಕೇಳಿ ನೋಡಿ ಬಂದೆ ಎಂದೂ ಹೇಳಿದ. ಮರುದಿನವೇ ಬೀರಮ್ಮ ಅವನನ್ನು ಹೊರಡಿಸಿಕೊಂಡು ರೈಲು ಹತ್ತಿದಳು. ಗಿರಣಿ ಮತ್ತೆ ನಡೆಯುವಾಗ ಬೇಕಾಗುತ್ತದೆ ಎಂದು ಯಜಮಾನ ಒಳಗೆ ಹೋದ. ಬೀರಮ್ಮ ಅವನ ಜಗಲಿಯ ಮೇಲೆ ಕೂತಳು. ಮನೆಯವರು ಮಜ್ಜಿಗೆ ಕೊಟ್ಟರು, ಕುಡಿದಳು. ಹೋಗಿ ಬನ್ನಿ ಎಂದರು, ಏಳಲಿಲ್ಲ. ಊಟ ಮುಗಿಸಿ ಹೊರಗೆ ಬಂದ ಯಜಮಾನ ಅವಳನ್ನು ಕಂಡು ತಬ್ಬಿಬ್ಬಾದ.

"ನಿಮ್ ಗಿರಣಿ ನಿಂತದೆ ಸ್ವಾಮಿ. ನಮ್ಮನೇಲಿ ಜನ ಓಡಾಡ್ತಾವ್ರೆ. ಈಗ ಅದು ಯಾರ್ಗೆ ಬೇಕು, ನೀವೇ ಹೇಳಿ," ಎಂದಳು.

ಅವನು ಬೀಗದ ಕೈ ತರಿಸಿದ. ಒಂದು ಸ್ವಿಚ್ಚು ಕೊಡಲು ಹೋದವನಿಂದ ಬೀರಮ್ಮ ಎರಡು ತೆಗೆದುಕೊಂಡಳು. ಇನ್ನೊಂದು ಕಾಮಾಕ್ಷಮ್ಮನ ಮನೆಗೆ.

ಬೀರಮ್ಮನ ಮನೆಯ ಕೆಲಸ ಬೇಗ ಮುಗಿಯಿತು. ಕಷ್ಟವಾದದ್ದು ದೇವಿರಮ್ಮನದು. ಮಡಿ ಕೆಟ್ಟಿದ್ದಕ್ಕೇ ಸೊಸೆಗೆ ಹಾಗಾಯಿತು, ಪೂಜೆಗೊಂಡ ಹಲಗೆ ಕಿತ್ತರೆ ಮನೆಗೆ ಇನ್ನಷ್ಟು ಕೇಡು ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. ಒಳಗಿದ್ದ ಕಾಮಾಕ್ಷಮ್ಮ ಅದನ್ನು ಎಷ್ಟನೆಯ ಸಲವೋ ಕೇಳಿಸಿಕೊಂಡಳು.

ಬೀರಮ್ಮ ದನಿ ಎತ್ತಲಿಲ್ಲ. "ದೇವ್ರಿಗೆ ಗುಡಿ ಅದೆ ಕಣಮ್ಮ. ಇದು ಕರೆಂಟು. ಮಡಿ ಕೈ ಯಾವ್ದು, ಮೈಲಿಗೆ ಕೈ ಯಾವ್ದು ಅಂತ ಅದ್ಕೆ ಗೊತ್ತಾಗಾಕಿಲ್ಲ. ಆ ಮಗೀನ ತಪ್ಪು ಏನೂ ಇಲ್ಲ."

ದೇವಿರಮ್ಮ ಏನೋ ಹೇಳಲು ಬಾಯಿ ತೆರೆದಳು. ಆಗ ಕಾಮಾಕ್ಷಮ್ಮ ಪಡಸಾಲೆಯ ಹೊಸ್ತಿಲ ತನಕ ಬಂದು, ಗೋಡೆಯ ಕಡೆ ನೋಡದೆ, "ಕೀಳಿಸಿಬುಡಿ ಅತ್ತೆ," ಎಂದಳು. ಅತ್ತೆಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು. ದೇವಿರಮ್ಮ ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿದಳು.

ಪಾಷಾ ಲೈನು ಬಿಡಿಸಿ, ಹಲಗೆ ಕಿತ್ತು, ಸ್ವಿಚ್ಚು ಕೂರಿಸಿದ. ಬಚ್ಚಲ ನೀರು ಹರಿಯುವ ಹಸಿ ಜಾಗದಲ್ಲಿ ಗುಂಡಿ ತೋಡಿ ಇದ್ದಲು, ಉಪ್ಪು ತುಂಬಿ ನೆಲದ ತಂತಿ ಹೂಳಿದ. ಎಲ್ಲ ಮುಗಿದ ಮೇಲೆ ಕಾಮಾಕ್ಷಮ್ಮನನ್ನು ಕರೆದು, ಕೈ ಒರೆಸಿಕೊಂಡು ಸ್ವಿಚ್ಚಿನ ಹಿಡಿಯನ್ನು ಮೇಲೆತ್ತು ತಂಗಿ ಎಂದ. ಅವಳು ಬಹಳ ಹೊತ್ತು ನಿಂತಳು. ಬೀರಮ್ಮ ಹತ್ತಿರ ಹೋದಳೇ ಹೊರತು ಕೈ ಹಿಡಿಯಲಿಲ್ಲ. ಕೊನೆಗೆ ಕಾಮಾಕ್ಷಮ್ಮ ಎಡಗೈಯಿಂದ ಹಿಡಿ ಎತ್ತಿದಳು. ದೀಪ ಹತ್ತಿತು. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು.

ಯುದ್ಧ ಮುಗಿದು ಮಾಲು ಸಿಗತೊಡಗಿದ ಮೇಲೆ ಬೀದಿಯ ಬಹಳ ಮನೆಗಳಲ್ಲಿ ಹಲಗೆ ಇಳಿಯಿತು. ಹಿಂದೆಮುಂದೆ ನೋಡಿದವರ ಮನೆಗೆ ಬೀರಮ್ಮ ಕಾಮಾಕ್ಷಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಕಾಮಾಕ್ಷಮ್ಮ ಸೆರಗಿನೊಳಗೆ ಮರೆಮಾಡಿಕೊಳ್ಳುತ್ತಿದ್ದ ಬಲಗೈಯನ್ನು ತಾನಾಗಿಯೇ ಹೊರಗೆ ತೆಗೆದು ತೋರಿಸುತ್ತಿದ್ದಳು. ಮೊದಲು ಬದಲಾಯಿಸಿದ್ದು ನಮ್ಮನೇಲೇ ಎಂದು ಬೆಟ್ಟಯ್ಯ ಆಲೆಮನೆಯಲ್ಲಿ ಹೇಳಿಕೊಂಡು ತಿರುಗಿದ.